ಮೂರನೇ ಜುನಿಪರ್: ದಿನಾ ನೀರು ಹಾಕಿದರೂ ಬಾಯಾರಿದ ಮರ

ಬೋನ್ಸಾಯ್ ಮಾಡಲೆಂದು ಹಳೆಯ ಬೇಲಿಯಿಂದ ಮೂರು ಜುನಿಪರ್ ಮರ ಅಗೆದು ತಂದಿದ್ದೆ. ಕಳೆದ ವಾರ ಮೂರನೆಯದರ ಪೆಟ್ಟಿಗೆಯ ಬಲಗಡೆ ಹಲಗೆ ಬಿಚ್ಚಿದೆ. ಎರಡು ವರ್ಷದಿಂದ ತಲೆ ತಿನ್ನುತ್ತಿದ್ದ ತೊಂದರೆಯ ಮೂಲ ಅಲ್ಲೇ ಕೂತಿತ್ತು. ಫುಟ್‌ಬಾಲ್ ಗಾತ್ರದ ಒಂದು ಜೇಡಿಮಣ್ಣಿನ ಹೆಂಟೆ. ಅದರ ಸುತ್ತ ಪ್ಯೂಮಿಸ್‌ನಲ್ಲಿ, ಅಂದರೆ ಹಗುರವಾದ ಜ್ವಾಲಾಮುಖಿ ಕಲ್ಲಿನ ಚೂರುಗಳಲ್ಲಿ, ಬೇರು ಹರಡಿತ್ತು. ಹೆಂಟೆಯ ಒಳಗೆ ಮಾತ್ರ ಹೆಚ್ಚಿನ ಬೇರು ಸತ್ತು ಕಪ್ಪಾಗಿತ್ತು.

ಅಗೆದ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಳೆಯ ಬೇಲಿಯ ಸಾಲು ಅದು. ಜಾಗದ ಮಾಲೀಕರು ಕಿತ್ತು ಹಾಕುವವರಿದ್ದರು. ಕೇಳಿದೆ, ಸಂತೋಷದಿಂದ ಒಪ್ಪಿದರು. ಚಳಿ ಇಳಿದು ಚಿಗುರು ಏಳುವ ಮುಂಚೆಯೇ ಮೂರನ್ನೂ ಎತ್ತಿದೆವು. ಸುತ್ತ ಗುಂಡಿ ತೋಡುವುದು, ಬುಡದಡಿ ಗರಗಸ ಹಾಕುವುದು, ಗೋಣಿತಟ್ಟು ಸುತ್ತುವುದು, ಹಸಿರನ್ನು ಮುಟ್ಟದೆ ಬಿಡುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ಮೊದಲ ಎರಡು ಮರ ಜಲ್ಲಿ ಹಾದಿಯ ಅಂಚಿನಲ್ಲಿದ್ದವು. ಅಲ್ಲಿನ ಮಣ್ಣು ಅಲುಗಿಸಿದರೆ ತಾನಾಗಿ ಉದುರುತ್ತಿತ್ತು. ಅವೆರಡೂ ಈಗ ಚೆನ್ನಾಗಿವೆ, ಅವುಗಳ ಬಗ್ಗೆ ಬರೆಯಲು ಜಾಸ್ತಿ ಏನಿಲ್ಲ.

ಮೂರನೆಯದು ಸಾಲಿನ ನಡುವೆ ಇತ್ತು. ಅಲ್ಲಿ ಅಪ್ಪಟ ಜೇಡಿಮಣ್ಣು. ಎಡಗಡೆ ಹೇಗೋ ಕಡ್ಡಿಯಲ್ಲಿ ಕೆದಕಿ ಬಿಡಿಸಿದೆ. ಬಲಗಡೆ ಕೈ ಹಾಕಿದರೆ ಮಣ್ಣಿನ ಜೊತೆ ಎಳೆಬೇರೂ ಕಿತ್ತು ಬರುತ್ತಿತ್ತು. ಇದ್ದ ಬೇರು ಉಳಿಯಲಿ ಅಂತ ಆ ಭಾಗ ಹಾಗೇ ಬಿಟ್ಟೆ. 60 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ಮರದ ಪೆಟ್ಟಿಗೆ, ತಳಕ್ಕೆ ಜಾಲರಿ, ಸುತ್ತ ಪ್ಯೂಮಿಸ್. ಬುಡ ಅಲುಗದಂತೆ ನಾಲ್ಕು ಕಡೆ ತಂತಿ ಬಿಗಿದೆ.

ಈ ಮರದ ಮೇಲೆ ನನಗೆ ಸ್ವಲ್ಪ ಹೆಚ್ಚೇ ಪ್ರೀತಿ. ಬುಡದಲ್ಲಿ 11 ಸೆಂ.ಮೀ. ದಪ್ಪ. ಕಾಂಡ ಒಂದು ಸುತ್ತು ತಿರುಚಿಕೊಂಡು ಮೇಲೇರುತ್ತದೆ. ಮೇಲ್ಗಡೆ ತಾನಾಗಿಯೇ ಒಣಗಿ ಬಿಳಿಚಿದ ಒಂದು ಪಟ್ಟಿ ಇದೆ. ಬಲಗಡೆ ಕೆಳಗೆ ಒಂದು ದಪ್ಪ ಟೊಂಗೆ, ನೆಲದ ಕಡೆ ಬಾಗಿ ಮತ್ತೆ ಎದ್ದು ನಿಂತಿತ್ತು. ಆ ಟೊಂಗೆ ನೋಡಿಯೇ ನಾನು ಈ ಮರ ಆರಿಸಿದ್ದು.

ಮೊದಲ ನಾಲ್ಕು ತಿಂಗಳು ಏನೂ ತೊಂದರೆ ಕಾಣಲಿಲ್ಲ. ಐದನೇ ತಿಂಗಳು, ಬಿಸಿಲು ಜೋರಾದಾಗ, ಆ ಟೊಂಗೆಯ ಹಸಿರಿನ ಹೊಳಪು ಹೋಯಿತು. ಹಳದಿ ಅಲ್ಲ, ಕಂದು ಅಲ್ಲ. ಬೂದಿ ಉದುರಿಸಿದ ಹಾಗೆ ಮಂಕು. ಕೈಯಲ್ಲಿ ಹಿಡಿದರೆ ಮೊದಲಿನ ಮೆದು ಇಲ್ಲ, ಕಾಗದದಂತೆ ಸರಸರ. ಜುನಿಪರ್ ಜೊತೆ ಕೆಲಸ ಮಾಡಿದವರಿಗೆ ಈ ಭಯ ಗೊತ್ತು. ಬೇರು ಸತ್ತ ಮೇಲೂ ಇದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ನಮ್ಮ ಕಣ್ಣಿಗೆ ಬಣ್ಣ ಬದಲಾಗಿದ್ದು ಕಾಣುವಷ್ಟರಲ್ಲಿ ಒಳಗೆ ಅನಾಹುತ ನಡೆದು ಎಷ್ಟೋ ದಿನ ಆಗಿರುತ್ತದೆ.

ಮೊದಲು ನುಸಿ ಇರಬಹುದು ಅಂದುಕೊಂಡೆ. ಟೊಂಗೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದೆ. ಹಾಳೆ ಮೇಲೆ ಧೂಳು ಬಿಟ್ಟರೆ ಓಡಾಡುವ ಚುಕ್ಕಿ ಒಂದೂ ಇಲ್ಲ. ಆಮೇಲೆ ತುದಿ ಒಣಗುವ ಶಿಲೀಂಧ್ರ ರೋಗ ಇರಬಹುದೇ ಅಂತ ನೋಡಿದೆ. ಅದಾದರೆ ಎಳೆ ತುದಿಗಳಿಂದ ಶುರುವಾಗಿ ಹಿಂದಕ್ಕೆ ಬರುತ್ತದೆ, ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಇಲ್ಲಿ ಇಡೀ ಟೊಂಗೆ ಒಂದೇ ಸಮ ಮಂಕಾಗಿತ್ತು. ಹಾಗಾಗಿ ಅದೂ ಅಲ್ಲ.

ಉಳಿದದ್ದು ನೀರು. ದಿನಾ ಬೆಳಗ್ಗೆ ಹಾಕುತ್ತಿದ್ದೆ, ತಳದಿಂದ ಸುರಿಯುವ ತನಕ. ಜೇಡಿಮಣ್ಣು ಬೇರೆ ಇದೆ, ನೀರು ಜಾಸ್ತಿಯಾಗಿ ಬೇರು ಕೊಳೆಯುತ್ತಿದೆ ಅಂತ ತೀರ್ಮಾನಿಸಿದೆ. ಎರಡು ದಿನಕ್ಕೊಮ್ಮೆ ಹಾಕಲು ಶುರು ಮಾಡಿದೆ. ಎರಡೇ ವಾರದಲ್ಲಿ ಟೊಂಗೆ ಇನ್ನೂ ಮಂಕಾಯಿತು. ಆ ಎರಡು ವಾರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಜ ಹೊರಬಂದದ್ದು ತೂಕದಿಂದ. ಪೆಟ್ಟಿಗೆ ಪೂರ್ತಿ ಎತ್ತಿ ತೂಗುವುದು ಒಬ್ಬರ ಕೈಲಿ ಆಗುವ ಕೆಲಸ ಅಲ್ಲ. ಅದಕ್ಕೆ ಕೊಕ್ಕೆ ಇರುವ ತೂಗುಮಾಪಕವನ್ನು ಪೆಟ್ಟಿಗೆಯ ಒಂದು ಅಂಚಿಗೆ ಸಿಕ್ಕಿಸಿ, ಆ ಅಂಚು ನೆಲ ಬಿಡುವಷ್ಟು ಮಾತ್ರ ಎತ್ತಿದೆ. ಆ ಕಡೆಯ ಭಾರ ಅಂದಾಜು ಸಿಗುತ್ತದೆ. ನೀರು ಹಾಕುವ ಮುಂಚೆ ಎಡ ಅಂಚು 24 ಕೆ.ಜಿ., ಬಲ ಅಂಚು 27 ಕೆ.ಜಿ. ಚೆನ್ನಾಗಿ ನೀರು ಹಾಕಿ, ಸೋರುವುದು ನಿಂತ ಮೇಲೆ ಮತ್ತೆ ನೋಡಿದೆ. ಎಡ 28. ಬಲ ಇನ್ನೂ 28 ಮುಟ್ಟಿರಲಿಲ್ಲ.

ಅಂದರೆ ಬಲಗಡೆ ನೀರು ನಿಲ್ಲುತ್ತಲೇ ಇರಲಿಲ್ಲ! ಒಂದು ಬಿದಿರಿನ ಕಡ್ಡಿ ತಗೊಂಡು ಹೆಂಟೆಯೊಳಗೆ ಚುಚ್ಚಲು ನೋಡಿದೆ. ಇಟ್ಟಿಗೆಗೆ ಚುಚ್ಚಿದ ಹಾಗಾಯಿತು. ಕೊನೆಗೆ ಕಬ್ಬಿಣದ ಸಲಾಕೆಯಲ್ಲಿ ತೂತು ಮಾಡಿ ಕಡ್ಡಿ ಇಳಿಸಿದೆ. ಹೊರಗೆ ತೆಗೆದಾಗ ಕಡ್ಡಿಯ ತುದಿಯಲ್ಲಿ ಒಣ ಪುಡಿ. ಅದೇ ತಾನೆ ಬಕೆಟ್‌ಗಟ್ಟಲೆ ನೀರು ಸುರಿದ ಪೆಟ್ಟಿಗೆ ಅದು.

ಆಗಿದ್ದು ಇಷ್ಟು. ಜೇಡಿಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಕುಗ್ಗುತ್ತದೆ. ಸುತ್ತಲಿನ ಪ್ಯೂಮಿಸ್‌ಗೂ ಅದಕ್ಕೂ ನಡುವೆ ಸಣ್ಣ ಸಂದು ಬೀಳುತ್ತದೆ. ನೀರಿಗೆ ಸುಲಭದ ದಾರಿ ಬೇಕು. ಅದು ಸಂದಿನಲ್ಲಿ, ದಪ್ಪ ಕಣಗಳ ನಡುವೆ ಇಳಿದು ತಳದಿಂದ ಹೊರಟು ಹೋಗುತ್ತದೆ. ಗಟ್ಟಿ ಹೆಂಟೆಯ ಒಳಗೆ ಹೋಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಇದೇ ಹೆಂಟೆ ಮಳೆಗಾಲದಲ್ಲಿ ತದ್ವಿರುದ್ಧ ಮಾಡುತ್ತದೆ. ಒಮ್ಮೆ ನೆನೆದರೆ ಸುತ್ತಲಿನ ದಪ್ಪ ಕಣಗಳಿಗೆ ಅದರ ನೀರನ್ನು ಎಳೆದುಕೊಳ್ಳಲು ಆಗುವುದಿಲ್ಲ. ಆಗ ಒಳಗೆ ಗಾಳಿ ಇಲ್ಲದೆ ಬೇರು ಕೊಳೆಯುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಥರದ ಮಣ್ಣು ಇದ್ದರೆ ಒಂದೇ ನೀರಿನ ಲೆಕ್ಕ ಎರಡಕ್ಕೂ ಹೊಂದುವುದಿಲ್ಲ.

ಹಾಗಾದರೆ ಬರೀ ಬಲಗಡೆ ಟೊಂಗೆಗೆ ಯಾಕೆ ಏಟು ಬಿತ್ತು? ಜುನಿಪರ್‌ನಲ್ಲಿ ಬೇರು, ಲೈವ್ ವೇನ್ (ಕಾಂಡದ ಮೇಲೆ ನೀರು ಹತ್ತುವ, ಬದುಕಿರುವ ಪಟ್ಟಿ), ಟೊಂಗೆ ಮೂರೂ ಒಂದೇ ಸಾಲು. ಈ ಬೇರಿನ ನೀರು ಈ ಪಟ್ಟಿಯಲ್ಲೇ ಹತ್ತಿ ಈ ಟೊಂಗೆಗೇ ಸೇರುತ್ತದೆ. ಪಕ್ಕದ ಬೇರು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಇದಕ್ಕೆ ಅಷ್ಟಾಗಿ ಹಂಚಿಕೊಡುವುದಿಲ್ಲ. ತಿರುಚಿದ ಕಾಂಡದಲ್ಲಿ ಆ ಸಾಲನ್ನು ಬೆರಳಿಟ್ಟು ಕೆಳಗಿಂದ ಮೇಲಕ್ಕೆ ಹಿಂಬಾಲಿಸಿದೆ. ಹೆಂಟೆಯ ಮೇಲಿನ ಬೇರಿಂದ ಹೊರಟು, ಕಾಲು ಸುತ್ತು ತಿರುಗಿ, ನೇರ ಆ ಟೊಂಗೆಯ ಕಂಕುಳಿಗೆ ಬಂತು.

ಬೇಸಿಗೆಯ ನಡುವೆ ಪೆಟ್ಟಿಗೆ ಬಿಚ್ಚುವ ಹಾಗಿರಲಿಲ್ಲ. ಹೆಂಟೆಯಲ್ಲಿ ಸಲಾಕೆಯಿಂದ 9 ತೂತು ಮಾಡಿ, ಸಣ್ಣ ಪ್ಯೂಮಿಸ್ ತುಂಬಿದೆ. ಮೇಲೆ ನೀರಿನ ಬಾಟಲಿ ತಲೆಕೆಳಗೆ ಕಟ್ಟಿ, ಮುಚ್ಚಳಕ್ಕೆ ಸೂಜಿ ತೂತು ಮಾಡಿ, ಹನಿ ಹನಿಯಾಗಿ ಬಿಟ್ಟೆ. ಮೂರು ಹಗಲು ಮೂರು ರಾತ್ರಿ. ನಾಲ್ಕನೇ ದಿನ ಬಲ ಅಂಚು 31 ತೋರಿಸಿತು. ಆವತ್ತು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಇಲ್ಲಿ ಪ್ಯೂಮಿಸ್ ಕಳಿಸಿದವರ ಮೇಲಿನ ಸಿಟ್ಟನ್ನೂ ಹೇಳಲೇಬೇಕು. ಚೀಲದ ಮೇಲೆ 3ರಿಂದ 6 ಮಿ.ಮೀ. ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಜರಡಿ ಹಿಡಿದರೆ ಮೂರರಲ್ಲಿ ಒಂದು ಪಾಲು ಹಿಟ್ಟಿನಂಥ ಧೂಳು. ಆ ಧೂಳು ಪೆಟ್ಟಿಗೆಗೆ ಹೋದರೆ ನೀರಿನ ಜೊತೆ ತಳಕ್ಕಿಳಿದು ಕೆಸರಾಗಿ ಕೂರುತ್ತದೆ, ಗಾಳಿ ಆಡುವ ಜಾಗ ಮುಚ್ಚುತ್ತದೆ. ಧೂಳಿಗೂ ಸೇರಿಸಿ ದುಡ್ಡು ಕೊಟ್ಟ ಹಾಗಾಯಿತು. ಕೇಳಿದರೆ ಸಾಗಿಸುವಾಗ ಪುಡಿಯಾಗಿದೆ ಎಂಬ ಉತ್ತರ. ಚೀಲದ ಮೇಲೆ ಅಳತೆ ಬರೆದ ಮೇಲೆ ಒಳಗೂ ಅದೇ ಅಳತೆ ಇರಬೇಕು, ಅಲ್ವಾ? ಹೊಸಬರು ಜರಡಿ ಹಿಡಿಯದೆ ಸುಮ್ನೆ ತುಂಬಿಬಿಟ್ಟರೆ ಹೋಗುವುದು ಮರದ ಜೀವ. ಎಲ್ಲಿಂದಲೇ ತರಿಸಿ, ಜರಡಿ ಹಿಡಿದು, ತೊಳೆದೇ ಹಾಕಿ.

ಆಮೇಲೆ ಕಾಯುವ ಕೆಲಸ. ಮೊದಲ ವರ್ಷ ಮುಗಿದಾಗಲೇ ಬಲಗಡೆ ಬಿಡಿಸಬೇಕೆಂದು ಕೈ ತುರಿಸುತ್ತಿತ್ತು. ಆದರೆ ತಲೆಯ ಭಾಗದಲ್ಲಿ ಮುಳ್ಳಿನಂಥ ಎಳೆ ಸೂಜಿಗಳು ಬಂದಿದ್ದವು. ಹುರುಪೆಯಂಥ ಎಲೆಯ ಜುನಿಪರ್ ಕಷ್ಟದಲ್ಲಿದ್ದಾಗ ಹೀಗೆ ಬಾಲ್ಯದ ಎಲೆಗೆ ಮರಳುತ್ತದೆ. ಆಗ ಬೇರು ಮುಟ್ಟುವುದು ಸರಿಯಲ್ಲ. ಇನ್ನೊಂದು ವರ್ಷ ಬಿಟ್ಟೆ. ಎರಡನೇ ವರ್ಷ ಎಡಗಡೆ ತುದಿಗಳೆಲ್ಲ ತಿಳಿ ಹಸಿರಾಗಿ ಬೆರಳುದ್ದ ಚಾಚಿಕೊಂಡವು. ಮರಕ್ಕೆ ಈಗ ಶಕ್ತಿ ಇದೆ ಅನ್ನಿಸಿತು.

ಕಳೆದ ವಾರ ಹಲಗೆ ಬಿಚ್ಚಿದ್ದು ಹೀಗೆ. ಎಡಭಾಗವನ್ನು ಕದಲಿಸಲೇ ಇಲ್ಲ, ತಂತಿಯೂ ಹಾಗೇ ಇತ್ತು. ಬಲಗಡೆ ಮೊದಲು ಕಡ್ಡಿ, ಆಮೇಲೆ ತೆಳುವಾಗಿ ಚಿಮ್ಮುವ ನೀರು. ಹೆಂಟೆ ಪದರ ಪದರವಾಗಿ ಕರಗಿತು. ಬೇರುಗಳೆಲ್ಲ ಕಪ್ಪು, ಹಿಡಿದರೆ ಸಿಪ್ಪೆ ಜಾರುತ್ತಿತ್ತು. ಅವನ್ನು ಕತ್ತರಿಸುತ್ತಾ ಬುಡದ ಹತ್ತಿರ ಬಂದೆ. ಅಲ್ಲಿ, ನಾನು ಹಿಂದೆ ಮಾಡಿದ್ದ ತೂತುಗಳೊಳಗೆ, ಬಿಳಿ ಬೇರು! ಎರಡು ತೂತುಗಳಲ್ಲಿ ಪ್ಯೂಮಿಸ್ ಕಣಗಳನ್ನು ಅಪ್ಪಿಕೊಂಡು ಇಳಿದಿದ್ದವು. ಅವನ್ನು ನೋಡಿ ಗಂಟಲು ಕಟ್ಟಿತು. ಒದ್ದೆ ಬಟ್ಟೆ ಹೊದಿಸಿ, ಉಳಿದ ಮಣ್ಣು ತೆಗೆದು, ಹೊಸ ಪ್ಯೂಮಿಸ್ ತುಂಬಿ, ಕಡ್ಡಿಯಿಂದ ಸಂದು ಮುಚ್ಚಿ, ಹಲಗೆ ಜೋಡಿಸಿದೆ.

ಟೊಂಗೆ ಮಾತ್ರ ಉಳಿಯಲಿಲ್ಲ. ತೊಗಟೆ ಉಗುರಿನಲ್ಲಿ ಕೆರೆದರೆ ತುದಿಯಿಂದ ಕಂಕುಳಿನ ತನಕ ಒಣ ಕಂದು. ಕಂಕುಳಿನಿಂದ ಕೆಳಗೆ ತೆಳುವಾದ ಹಸಿರು ಇದೆ. ಆ ಬಿಳಿ ಬೇರುಗಳು ಅದನ್ನಷ್ಟೇ ಉಳಿಸಿಕೊಂಡಿವೆ. ಜುನಿಪರ್‌ನಲ್ಲಿ ಹಸಿರು ಪೂರ್ತಿ ಹೋದ ಟೊಂಗೆ ಮತ್ತೆ ಚಿಗುರುವುದಿಲ್ಲ. ಅದು ಇನ್ನು ಜಿನ್, ಅಂದರೆ ಸಿಪ್ಪೆ ಸುಲಿದು ಅಂದಕ್ಕಾಗಿ ಉಳಿಸಿಕೊಳ್ಳುವ ಒಣ ಟೊಂಗೆ. ಈಗಲೇ ಸಿಪ್ಪೆ ಸುಲಿಯುವುದಿಲ್ಲ. ಒಂದು ವರ್ಷ ಬಿಟ್ಟರೆ ಬದುಕಿರುವ ಪಟ್ಟಿ ಉಬ್ಬುತ್ತದೆ, ಸತ್ತ ಭಾಗ ಕುಸಿಯುತ್ತದೆ, ಗಡಿ ತಾನಾಗಿ ಕಾಣುತ್ತದೆ. ಒಣ ಮರ ಕೊಳೆಯದಂತೆ ಹಚ್ಚುವ ಸುಣ್ಣ ಗಂಧಕದ ದ್ರಾವಣ ಅದಾದ ಮೇಲೆ.

ಮರದ ಮುಖ, ಅಂದರೆ ಎದುರಿನಿಂದ ನೋಡುವ ಬದಿ, ಬದಲಾಯಿಸಬೇಕು. ಎಡಗಡೆಯಿಂದ ನೋಡಿದರೆ ಸತ್ತ ಟೊಂಗೆ ಹಿಂದೆ ಸರಿದು, ತಿರುಚಿದ ಪಟ್ಟಿ ಮುಂದೆ ಬರುತ್ತದೆ. ಇದರ ಎಲೆ ಸ್ವಲ್ಪ ಒರಟು, ಹಾಗಾಗಿ ಬಹಳ ದಿನದಿಂದ ಮನಸ್ಸಿನಲ್ಲಿರುವ ಕಸಿ ಕೆಲಸಕ್ಕೂ ಇದೇ ಸರಿಯಾದ ಮರ. ಇಟೊಯಿಗಾವ ಶಿಂಪಾಕು ಜುನಿಪರ್‌ನ ಎಲೆ ಎಷ್ಟು ನಯ, ಎಷ್ಟು ಒತ್ತು! ಜಪಾನಿನ ನೀಗಾತ ಪ್ರಾಂತ್ಯದ ಇಟೊಯಿಗಾವ ಊರಿನಿಂದ ಅದಕ್ಕೆ ಆ ಹೆಸರು. ಅದರ ಮೂರು ಎಳೆ ಗಿಡಗಳನ್ನು ಉದ್ದ ಕುಂಡದಲ್ಲಿ ಬೆಳೆಸುತ್ತಿದ್ದೇನೆ. ಟೊಂಗೆಯಲ್ಲಿ ತೋಡು ಕೊರೆದು, ಎಳೆ ಗಿಡವನ್ನು ಅದರ ಸ್ವಂತ ಬೇರಿನ ಸಮೇತ ಅದರಲ್ಲಿ ಮಲಗಿಸಿ ಬಿಗಿಯುವುದು. ಬೆಸೆದ ಮೇಲೆ ಕೆಳಗಿನ ಬೇರಿನ ಕಡೆ ಕತ್ತರಿಸುವುದು. ಬೆಸುಗೆ ಆಗದಿದ್ದರೂ ಗಿಡ ಸಾಯುವುದಿಲ್ಲ, ಅದಕ್ಕೇ ಈ ವಿಧಾನ ಇಷ್ಟ. ಆದರೆ ಮುಂದಿನ ವರ್ಷಕ್ಕಿಂತ ಮುಂಚೆ ಬೇಡ. ಮರ ಸುಧಾರಿಸಿಕೊಳ್ಳಲಿ.

ಅದೇ ಬೇಲಿ ಸಾಲಿನಲ್ಲಿ ನಾಲ್ಕನೇ ಮರ ಇನ್ನೂ ನೆಲದಲ್ಲೇ ಇದೆ. ಅದೂ ಜೇಡಿಮಣ್ಣಿನಲ್ಲೇ. ಮಾಲೀಕರು ಇನ್ನೆರಡು ವರ್ಷ ಸಮಯ ಕೊಟ್ಟಿದ್ದಾರೆ. ಈ ಸಲ ಒಮ್ಮೆಲೇ ಕೀಳುವುದಿಲ್ಲ. ಮೊನ್ನೆ ಹೋಗಿ ಬುಡದಿಂದ 25 ಸೆಂ.ಮೀ. ದೂರದಲ್ಲಿ ಅರ್ಧ ಸುತ್ತು ಗುಂಡಿ ತೋಡಿದೆ. ಆ ಕಡೆಯ ಜೇಡಿಯನ್ನು ಅಲ್ಲೇ ನೀರು ಬಿಟ್ಟು ಬುಡದಡಿಯ ತನಕ ಕರಗಿಸಿ, ಜರಡಿ ಹಿಡಿದ ಪ್ಯೂಮಿಸ್ ತುಂಬಿ ಬಂದೆ. ಇನ್ನರ್ಧ ಮುಂದಿನ ವರ್ಷ.