ಮಾರ್ಖಾ ಕಣಿವೆಗೆ ಯಾವ ಸ್ಟವ್? ಈ ವಾರದ ಪರೀಕ್ಷೆ

ಆಗಸ್ಟ್ ತಿಂಗಳಲ್ಲಿ ಲಡಾಖ್‌ನ ಮಾರ್ಖಾ ಕಣಿವೆಯ ಚಾರಣಕ್ಕೆ ಯಾವ ಸ್ಟವ್ ಹೊರಬೇಕು ಎಂಬುದು ಈ ವಾರ ಬಹುಮಟ್ಟಿಗೆ ಇತ್ಯರ್ಥವಾಯಿತು. ಇಂಧನ ಯಾವುದೇ ಇರಲಿ, ವಿಮಾನದಲ್ಲಿ ಒಯ್ಯುವಂತಿಲ್ಲ. ಲೇಹ್‌ನಲ್ಲಿ ಸಿಕ್ಕಿದ್ದನ್ನೇ ತುಂಬಿಸಿಕೊಳ್ಳಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಲು ಹಿಂದೇಟು ಹಾಕುತ್ತದೆ. ಹಾಗಾಗಿ ಗ್ಯಾಸ್ ಡಬ್ಬಿಯ ಯೋಚನೆಯನ್ನು ಮೊದಲೇ ಕೈಬಿಟ್ಟಿದ್ದೆ. ಕಣದಲ್ಲಿ ಉಳಿದವು ಎಂಎಸ್‌ಆರ್‌ನ ವಿಸ್ಪರ್‌ಲೈಟ್ ಇಂಟರ್‌ನ್ಯಾಷನಲ್, ಅದೇ ಕಂಪನಿಯ ಡ್ರ್ಯಾಗನ್‌ಫ್ಲೈ ಮತ್ತು ಸ್ವೀಡನ್ನಿನ ಟ್ರಾಂಜಿಯಾ ಸ್ಪಿರಿಟ್ ಬರ್ನರ್.

ಟ್ರಾಂಜಿಯಾ ಬರ್ನರ್‌ನ ತೂಕ ಸುಮಾರು 110 ಗ್ರಾಂ. ಪಂಪ್ ಇಲ್ಲ, ವಾಲ್ವ್ ಇಲ್ಲ, ಕೆಡುವಂಥದ್ದು ಏನೂ ಇಲ್ಲ. ಆದರೆ ಉಳಿದೆರಡರಲ್ಲಿ ಉರಿಸುವ ಸೀಮೆಎಣ್ಣೆಯ ಒಂದು ಲೀಟರ್‌ನಲ್ಲಿ ಸುಮಾರು 35 ಮೆಗಾಜೂಲ್ ಶಕ್ತಿಯಿದ್ದರೆ ಇದರ ಸ್ಪಿರಿಟ್‌ನಲ್ಲಿ, ಅಂದರೆ ಎಥನಾಲ್‌ನಲ್ಲಿ, ಇರುವುದು 21ರಷ್ಟು. ಒಂದೆರಡು ದಿನದ ನಡಿಗೆಗೆ ಇದಕ್ಕಿಂತ ಚೆಂದದ ಸ್ಟವ್ ಬೇಡ. ವಾರಗಟ್ಟಲೆ ನಡೆಯುವಾಗ ಮಾತ್ರ ಸ್ಟವ್‌ನಲ್ಲಿ ಉಳಿಸಿದ ತೂಕವನ್ನು ಸ್ಪಿರಿಟ್ ಬಾಟಲಿಯಲ್ಲಿ ಹೊರಬೇಕಾಗುತ್ತದೆ.

ಉಳಿದೆರಡೂ 1892ರಲ್ಲಿ ಸ್ಟಾಕ್‌ಹೋಮ್‌ನ ಫ್ರಾನ್ಸ್ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್‌ನ ವಂಶದವು. ನಮ್ಮ ಮನೆಗಳ ಪಂಪ್ ಸ್ಟವ್ ಕೂಡ ಅದೇ ಕುಲ. ಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ, ಸಣ್ಣ ರಂಧ್ರದಿಂದ ಚಿಮ್ಮಿ ಉರಿಯಬೇಕು. ಆ ಕೊಳವೆಯನ್ನು ಮೊದಲು ಬಿಸಿ ಮಾಡುವುದೇ ಇಡೀ ಕೆಲಸದ ಜೀವಾಳ. ತಾರಸಿಯಲ್ಲಿ ಎರಡು ಬಗೆಯಲ್ಲಿ ಹಚ್ಚಿ ನೋಡಿದೆ. ಬರ್ನರ್ ಕೆಳಗಿನ ಪುಟ್ಟ ಬಟ್ಟಲಿಗೆ ಸೀಮೆಎಣ್ಣೆಯನ್ನೇ ಬಿಟ್ಟು ಹಚ್ಚಿದಾಗ ಹಳದಿ ಜ್ವಾಲೆ ಎತ್ತರಕ್ಕೆದ್ದು ಪಾತ್ರೆಯ ತಳವೆಲ್ಲ ಮಸಿಯಾಯಿತು. ಒಂದು ಚಮಚ ಸ್ಪಿರಿಟ್ ಹಾಕಿ, ಅದು ಆರುವ ಹೊತ್ತಿಗೆ ವಾಲ್ವನ್ನು ನಿಧಾನವಾಗಿ ತಿರುಗಿಸಿದಾಗ ಒಮ್ಮೆ ಬುಸುಗುಟ್ಟಿ ನೀಲಿ ಜ್ವಾಲೆ ನಿಂತಿತು. ಇನ್ನು ಮುಂದೆ ಸ್ಪಿರಿಟ್‌ನ ಪುಟ್ಟ ಸೀಸೆಯೊಂದು ಚೀಲದಲ್ಲಿ ಖಾಯಂ.

ಡ್ರ್ಯಾಗನ್‌ಫ್ಲೈನಲ್ಲಿ ಬರ್ನರ್ ಬಳಿಯೇ ಇನ್ನೊಂದು ವಾಲ್ವ್ ಇದೆ. ಹಾಗಾಗಿ ಉರಿಯನ್ನು ತಗ್ಗಿಸಿ ಅನ್ನ ಹದವಾಗಿ ಬೇಯಿಸಬಹುದು. ವಿಸ್ಪರ್‌ಲೈಟ್‌ನ ವಾಲ್ವ್ ಇರುವುದು ಬಾಟಲಿಯ ಪಂಪ್‌ನಲ್ಲಿ. ತಿರುಗಿಸಿದ ಮೇಲೆ ಕೊಳವೆಯಲ್ಲಿ ಉಳಿದ ಎಣ್ಣೆ ಉರಿದು ಮುಗಿಯುವ ತನಕ ಜ್ವಾಲೆ ತಗ್ಗುವುದಿಲ್ಲ. ಅಡುಗೆಗೆ ಡ್ರ್ಯಾಗನ್‌ಫ್ಲೈ ಮೇಲು, ಅನುಮಾನವೇ ಇಲ್ಲ. ಆದರೆ ಅದು ವಿಪರೀತ ಸದ್ದು ಮಾಡುತ್ತದೆ, ತೂಕವೂ 400 ಗ್ರಾಂನಷ್ಟು. ವಿಸ್ಪರ್‌ಲೈಟ್‌ನದು 310 ಗ್ರಾಂನ ಸುಮಾರು.

ನೀರು ಎಷ್ಟು ನಿಮಿಷಕ್ಕೆ ಕುದಿಯಿತು ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತಿಲ್ಲ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿದರೆ 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88ಕ್ಕೇ ಕುದಿಯುತ್ತದೆ. ಅಲ್ಲಿ ನೀರು ಬೇಗ ಕುದಿದರೂ ಬೇಳೆ ಬೇಯುವುದಿಲ್ಲ. ಆದ್ದರಿಂದ ಊಟದ ಪಟ್ಟಿಯನ್ನೇ ಬದಲಿಸಿದೆ: ಗೊಜ್ಜವಲಕ್ಕಿ, ಹುರಿದ ರವೆಯ ಉಪ್ಪಿಟ್ಟು, ಸಾರಿನ ಪುಡಿ. ಹದವಾದ ಉರಿಯ ಅಗತ್ಯ ತಪ್ಪಿತು, ತಕ್ಕಡಿ ವಿಸ್ಪರ್‌ಲೈಟ್ ಕಡೆಗೆ ವಾಲಿತು. ಸೀಮೆಎಣ್ಣೆಯ ಕಸ ಜೆಟ್‌ನಲ್ಲಿ, ಅಂದರೆ ಎಣ್ಣೆಯ ಆವಿ ಚಿಮ್ಮುವ ಆ ಸಣ್ಣ ರಂಧ್ರದಲ್ಲಿ, ಕಟ್ಟಿದರೆ ಸ್ಟವ್ ಅಲುಗಾಡಿಸಿದರೆ ಸಾಕು, ಒಳಗಿನ ಸೂಜಿಯೇ ಪಿನ್ನಿನ ಕೆಲಸ ಮಾಡುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಜೆಟ್ ಬದಲಿಸಿ ಪೆಟ್ರೋಲ್ ಹಾಕಬಹುದು. ದೂರದ ಊರಿನಲ್ಲಿ ಇದಕ್ಕಿಂತ ದೊಡ್ಡ ಧೈರ್ಯ ಇಲ್ಲ.

ತುಂಬ ಹೊತ್ತು ತಲೆ ಕೆಡಿಸಿಕೊಂಡದ್ದು ಪಂಪ್‌ನೊಳಗಿನ ಚರ್ಮದ ವಾಷರ್ ವಿಷಯದಲ್ಲಿ. ಅದು ಒಣಗಿದರೆ ಗಾಳಿ ನಿಲ್ಲುವುದಿಲ್ಲ. ಮನೆಯ ಸ್ಟವ್‌ಗೆ ಬಿಡುತ್ತಿದ್ದಂತೆ ಕೊಬ್ಬರಿ ಎಣ್ಣೆ ಬಿಟ್ಟು ಪಂಪನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ದಂಡ ಬಿಗಿದುಕೊಂಡಿತ್ತು; ವಾಷರ್ ಅಂಚಿನಲ್ಲಿ ಬಿಳಿಯ ಗಟ್ಟಿ ಪದರ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಲಡಾಖ್‌ಗೆ ಒಗ್ಗದು. ಎಲ್ಲ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಮತ್ತೆ ಫ್ರಿಜ್‌ನಲ್ಲಿಟ್ಟಾಗ ದಂಡ ಸರಾಗವಾಗಿ ಓಡಿತು.

ಬಾಕಿ ಇರುವುದು ಗಾಳಿಮರೆಯ ಪರೀಕ್ಷೆ. ಬಾಟಲಿ ಬರ್ನರ್‌ನಿಂದ ದೂರವಿರುವುದರಿಂದ ಬರ್ನರ್ ಸುತ್ತ ಅಲ್ಯೂಮಿನಿಯಂ ತಗಡು ಕಟ್ಟಬಹುದು. ಬರ್ನರ್ ಕೆಳಗೇ ಟ್ಯಾಂಕ್ ಇರುವ ಸ್ಟವ್‌ಗೆ ಹೀಗೆ ಮಾಡಿದರೆ ಟ್ಯಾಂಕ್ ಕಾದು ಅಪಾಯ. ಮಳೆ ಬಂದರೂ ಗುಡಾರದೊಳಗೆ ಹಚ್ಚುವುದಿಲ್ಲ ಎಂದು ಜೊತೆಗಾರರೆಲ್ಲ ಒಪ್ಪಿದ್ದಾರೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಭಾನುವಾರ ಟೇಬಲ್ ಫ್ಯಾನ್ ಎದುರಿಟ್ಟು, ತಗಡು ಇದ್ದಾಗ ಮತ್ತು ಇಲ್ಲದಾಗ ಎಷ್ಟೆಷ್ಟು ಎಣ್ಣೆ ಖರ್ಚಾಗುತ್ತದೆ ಎಂದು ಅಳೆಯುತ್ತೇನೆ. ಎಷ್ಟು ದೊಡ್ಡ ಬಾಟಲಿ ಬೇಕು ಎಂಬುದು ಆಗ ತೀರ್ಮಾನವಾಗುತ್ತದೆ.