ಎಮ್ಯುಲೇಟರಿಗೂ ಕಾಯಂ ವಿಳಾಸ ಬೇಕು

ಇವತ್ತು ಹೊಸ ಜೆಟ್ಯಾಗ್ ಎಮ್ಯುಲೇಟರನ್ನು (ಬೋರ್ಡಿನ ಪ್ರೊಸೆಸರಿನೊಳಗೆ ಇಣುಕಿ ದೋಷ ಹುಡುಕಲು ನೆರವಾಗುವ ಪೆಟ್ಟಿಗೆ) ನೆಟ್‌ವರ್ಕಿಗೆ ಸೇರಿಸಿದೆ. ಯುಎಸ್‌ಬಿ ಕೇಬಲ್ಲಿನ ಹಂಗು ತಪ್ಪಿತು. ಬೋರ್ಡು ಲ್ಯಾಬಿನಲ್ಲಿದ್ದರೂ ನನ್ನ ಮೇಜಿನಿಂದಲೇ ಪ್ರೊಸೆಸರನ್ನು ನಿಲ್ಲಿಸಿ ರಿಜಿಸ್ಟರುಗಳನ್ನು ಓದಬಹುದು.

ನೆಟ್‌ವರ್ಕ್ ವಿಳಾಸಗಳನ್ನು ತಾನಾಗಿಯೇ ಹಂಚುವ ಡಿಎಚ್‌ಸಿಪಿಗೆ ಬಿಟ್ಟರೆ ಕೆಲಸ ಸಲೀಸು, ನಿಜ. ಆದರೆ ವಿಳಾಸ ಬದಲಾದ ದಿನ ಡೀಬಗರಿನ (ದೋಷ ಹುಡುಕುವ ತಂತ್ರಾಂಶ) ಕಾನ್ಫಿಗರೇಶನ್ ಫೈಲುಗಳೆಲ್ಲ ದಿಕ್ಕು ತಪ್ಪುತ್ತವೆ. ಹಾಗಾಗಿ ಪೆಟ್ಟಿಗೆಯ ತಳದಲ್ಲಿ ಅಂಟಿಸಿರುವ ಮ್ಯಾಕ್ ವಿಳಾಸವನ್ನು (ಸಾಧನದ ಗುರುತಿನ ಸಂಖ್ಯೆ; 12 ಹೆಕ್ಸ್ ಅಂಕೆಗಳು, 8 ಮತ್ತು ಬಿ ಒಂದೇ ರೀತಿ ಕಾಣುವಷ್ಟು ಸಣ್ಣ ಅಕ್ಷರ) ರೂಟರಿನಲ್ಲಿ ನಮೂದಿಸಿ, ಅದಕ್ಕೆಂದೇ ಒಂದು ಐಪಿ ವಿಳಾಸ ಕಾಯ್ದಿರಿಸಿದೆ. ವಿಳಾಸ 169.254 ಎಂದು ಶುರುವಾಗಿದ್ದರೆ ಸಾಮಾನ್ಯವಾಗಿ ಡಿಎಚ್‌ಸಿಪಿ ಸರ್ವರ್ ಉತ್ತರವನ್ನೇ ಕೊಟ್ಟಿಲ್ಲ ಎಂದರ್ಥ; ಮೊದಲು ಕೇಬಲ್ ನೋಡಿ. ಪಿಂಗ್‌ಗೆ ಉತ್ತರ ಬಂದೂ ಡೀಬಗರ್ ಸಂಪರ್ಕ ಸಿಗದಿದ್ದರೆ ಅನುಮಾನ ಫೈರ್‌ವಾಲ್ ಮೇಲಿರಲಿ. ಎಮ್ಯುಲೇಟರಿಗೂ ಡೀಬಗರಿಗೂ ನಡುವೆ ಕೊಂಡಿಯಾಗುವ ಓಪನ್‌ಒಸಿಡಿ ತಂತ್ರಾಂಶ ಬಳಸುವವರಿಗೆ ಜಿಡಿಬಿ ಎಂಬ ಡೀಬಗರಿನ ಪೋರ್ಟ್ ಸಾಮಾನ್ಯವಾಗಿ 3333.

ಆ ಪೋರ್ಟಿಗೆ ಪಾಸ್‌ವರ್ಡ್ ಇಲ್ಲ ಎನ್ನುವುದೇ ನನ್ನನ್ನು ಕಾಡುವ ಸಂಗತಿ. ಅದನ್ನು ತಲುಪಬಲ್ಲ ಯಾರೇ ಆಗಲಿ, ಓಡುತ್ತಿರುವ ಪ್ರೊಸೆಸರನ್ನು ನಿಲ್ಲಿಸಬಹುದು, ಮೆಮೊರಿಯನ್ನು ತಿದ್ದಬಹುದು. ಚಿಪ್ಪಿನ ಒಡಲಿಗೇ ಕೈಹಾಕುವ ಸಾಧನವನ್ನು ಎಲ್ಲರ ಮೊಬೈಲ್ ಓಡಾಡುವ ಜಾಲದಲ್ಲಿ ತೆರೆದಿಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅದಕ್ಕೆ ಪ್ರತ್ಯೇಕ ಸಬ್‌ನೆಟ್ (ಜಾಲದೊಳಗಿನ ಬೇರೆಯೇ ವಿಭಾಗ) ಕೊಟ್ಟೆ. ಹೊರಗಿನವರು ವಿಪಿಎನ್ ಎಂಬ ಸುರಕ್ಷಿತ ದಾರಿಯ ಮೂಲಕವೇ ಬರಲಿ. ಹೀಗೆ ಬೇರೆ ಜಾಲದಿಂದ ಬರುವವರಿಗಾಗಿ ಎಮ್ಯುಲೇಟರಿನಲ್ಲಿ ಗೇಟ್‌ವೇ (ಸಬ್‌ನೆಟ್ಟಿನಿಂದ ಹೊರಹೋಗುವ ಬಾಗಿಲು) ವಿಳಾಸವನ್ನೂ ಸರಿಯಾಗಿ ತುಂಬಬೇಕು, ಇಲ್ಲದಿದ್ದರೆ ಎಮ್ಯುಲೇಟರಿನ ಉತ್ತರ ಆ ಸಬ್‌ನೆಟ್ ದಾಟುವುದಿಲ್ಲ.