ಪಟ್ಟಿ ಹಾಳಾಗೈತಿ, ಸಾಮಾನು ಹಾಳಾಗಿಲ್ಲ

ಗಂಗಾವತಿಯ ಅಕ್ಕನ ಜೆರಾಕ್ಸ್ ಅಂಗಡಿಯಲ್ಲಿ ವಿಂಡೋಸ್ ಬದಲು ಉಬುಂಟು ಇರುವ ಕಂಪ್ಯೂಟರ್ ಅಪ್‌ಡೇಟ್ ಆಗುತ್ತಿದ್ದಾಗಲೇ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಬೇಸಿಗೆಯಲ್ಲೇ ಸತ್ತಿತ್ತು. ಕರೆಂಟ್ ಬಂದ ಮೇಲೆ ಮಷಿನ್ ಎಂದಿನಂತೆ ಶುರುವಾಯಿತು, ಬ್ರೌಸರ್ ತೆರೆಯಿತು, ಪ್ರಿಂಟ್ ಮಾತ್ರ ಬರಲೊಲ್ಲದು. ಪಹಣಿಗೆಂದು ಕಾರಟಗಿ ಕಡೆಯಿಂದ ಬಂದವರು ಬಾಗಿಲಲ್ಲೇ ಕುಳಿತಿದ್ದರು.

"ತಮ್ಮಾ, ಫಾರ್ಮ್ಯಾಟ್ ಹೊಡೀಬೇಕಂತಾರ. ಹೌದೇನು?"

"ತಡಿ ಅಕ್ಕಾ, ನೋಡ್ತೀನಿ."

ಫಾರ್ಮ್ಯಾಟ್ ಎಂಬ ಮಾತು ಕೇಳಿದರೆ ನನಗೆ ಸಂಕಟ. ಕೆಜಿಪಿ ಕೀಲಿಮಣೆ, ಕನ್ನಡ ಫಾಂಟ್, ಸ್ಕ್ಯಾನರ್ ಎಲ್ಲವನ್ನೂ ಅಕ್ಕ ತನ್ನ ಕೈಗೆ ಒಗ್ಗುವಂತೆ ಹೊಂದಿಸಿಕೊಂಡಿದ್ದಳು. ಅದೆಲ್ಲ ಒಂದೇ ಏಟಿಗೆ ಹೋಗುತ್ತಿತ್ತು.

ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ‘ಡಿಪಿಕೆಜಿ’ಗೆ ಅರ್ಧ ಉಳಿದ ಕೆಲಸ ಮುಗಿಸಲು ಹೇಳಿದೆ. ಉಬುಂಟುವಿನಲ್ಲಿ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಬಿಚ್ಚಿ ಕೂರಿಸುವುದು ಇದೇ. ‘ಸ್ಟೇಟಸ್’ ಕಡತ ಓದಲಾಗುತ್ತಿಲ್ಲ ಎಂದು ನಿಂತುಬಿಟ್ಟಿತು. ಯಾವ ಪ್ಯಾಕೇಜ್ ಇದೆ, ಯಾವ ಆವೃತ್ತಿ, ಅದಕ್ಕೆ ಇನ್ನೇನು ಬೇಕು ಎಂಬುದೆಲ್ಲ ಇರುವುದು ಆ ಒಂದೇ ಪಠ್ಯ ಕಡತದಲ್ಲಿ. ತೆರೆದು ನೋಡಿದರೆ ಕೊನೆಯ ಭಾಗದಲ್ಲಿ ಅಕ್ಷರಗಳೇ ಇಲ್ಲ, ಬರೀ ಶೂನ್ಯ ಬೈಟುಗಳ ಸಾಲು. ಡಿಪಿಕೆಜಿ ಜಾಗರೂಕತೆಯಿಂದಲೇ ಬರೆಯುತ್ತದೆ: ಹೊಸ ಪಟ್ಟಿಯನ್ನು ಬೇರೆ ಕಡತದಲ್ಲಿ ಬರೆದು, ಮುಗಿದ ಮೇಲಷ್ಟೇ ಹಳೆಯದರ ಜಾಗಕ್ಕೆ ತರುತ್ತದೆ. ಆದರೆ ಹಾರ್ಡ್ ಡಿಸ್ಕ್ ‘ಬರೆದಾಯಿತು’ ಎಂದು ಹೇಳಿ ತನ್ನ ತಾತ್ಕಾಲಿಕ ನೆನಪಿನಲ್ಲೇ (ಕ್ಯಾಶ್) ಇಟ್ಟುಕೊಂಡಿದ್ದರೆ, ಕರೆಂಟ್ ಹೋದಾಗ ಆ ಜಾಗರೂಕತೆಯೂ ನಡೆಯುವುದಿಲ್ಲ.

ರೈಸ್ ಮಿಲ್ಲಿನ ಗೋದಾಮಿನಲ್ಲಿ ಭತ್ತದ ಚೀಲ ಇದ್ದಲ್ಲೇ ಇವೆ, ದಾಸ್ತಾನು ರಿಜಿಸ್ಟರ್ ಮಾತ್ರ ನೀರಿಗೆ ಬಿದ್ದಿದೆ. ಅಕ್ಕನಿಗೆ ಹೀಗೆಯೇ ಹೇಳಿದೆ. ರಿಜಿಸ್ಟರ್ ಹೋಯಿತೆಂದು ಗೋದಾಮು ಸುಡುವವರಿಲ್ಲ.

ಮೊದಲು ‘ಡಿಪಿಕೆಜಿ’ ಫೋಲ್ಡರನ್ನು ಇದ್ದ ಹಾಗೆಯೇ ಪೆನ್‌ಡ್ರೈವ್‌ಗೆ ಇಳಿಸಿಕೊಂಡೆ. ಹಾಳಾದದ್ದರ ಪ್ರತಿಯೂ ಕೈಯಲ್ಲಿರಬೇಕು; ಅದಿಲ್ಲದೆ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಪಕ್ಕದಲ್ಲೇ ‘ಸ್ಟೇಟಸ್-ಓಲ್ಡ್’ ಎಂಬ ಹಿಂದಿನ ಪ್ರತಿ ಇರುತ್ತದೆ. ನೋಡಿದೆ, ಅದಕ್ಕೂ ಅದೇ ಗತಿ. ಆಗ ‘ವಾರ್’ (var) ಎಂಬ ಫೋಲ್ಡರಿನ ಒಳಗಿನ ‘ಬ್ಯಾಕಪ್ಸ್’ ಫೋಲ್ಡರಿಗೆ ಹೋದೆ. ಈ ಪಟ್ಟಿ ಬದಲಾದಾಗ ದಿನಕ್ಕೊಮ್ಮೆ ಅಲ್ಲಿ ನಕಲಾಗುತ್ತದೆ, ಹಳೆಯ ನಕಲುಗಳು ಜಿಜಿಪ್‌ನಿಂದ ಕುಗ್ಗಿಸಲ್ಪಟ್ಟು ಸಾಲಾಗಿ ಉಳಿಯುತ್ತವೆ. ತೀರಾ ಹೊಸ ನಕಲು ತೆರೆದಾಗ ಕೊನೆಯ ಸಾಲಿನವರೆಗೂ ಶುದ್ಧ ಅಕ್ಷರ! ಯಾರೂ ಕೇಳದೆಯೇ ಇಂಥದ್ದೊಂದು ವ್ಯವಸ್ಥೆ ಮಾಡಿಟ್ಟ, ಉಬುಂಟುವಿಗೆ ಬುನಾದಿಯಾದ ಡೆಬಿಯನ್‌ನ ಜನರಿಗೆ ಅಲ್ಲೇ ಕೈಮುಗಿದೆ.

ಅದನ್ನು ‘ಸ್ಟೇಟಸ್’ ಜಾಗಕ್ಕೆ ನಕಲಿಸಿದೆ. ಪಟ್ಟಿಯಲ್ಲಿ ಈಗ ಇದ್ದದ್ದು ಹಳೆಯ ಆವೃತ್ತಿಗಳೇ, ಹಾಗಾಗಿ ಪ್ಯಾಕೇಜುಗಳನ್ನು ಇಂಟರ್ನೆಟ್‌ನಿಂದ ತಂದು ಡಿಪಿಕೆಜಿಗೆ ಕೊಡುವ ‘ಆಪ್ಟ್’ನಿಂದ ಇನ್ನೊಮ್ಮೆ ಅಪ್‌ಗ್ರೇಡ್ ಮಾಡಿದಾಗ ನಿಂತಿದ್ದ ಪ್ಯಾಕೇಜುಗಳು ಮತ್ತೆ ಬಿಚ್ಚಿಕೊಂಡು ಕೂತವು. ನಡುವೆ ಒಂದು ಪ್ಯಾಕೇಜಿನ ಕಡತಪಟ್ಟಿ ಕಾಣೆಯಾಗಿದೆ ಎಂಬ ಎಚ್ಚರಿಕೆ ಬಂತು. ಅದನ್ನು ರೀಇನ್‌ಸ್ಟಾಲ್ ಮಾಡಿದೆ. ಆ ನಕಲಿನ ನಂತರ ಅಕ್ಕ ಬೇರೇನಾದರೂ ಹಾಕಿದ್ದಳೇ ಎಂದು ‘ಆಪ್ಟ್’ನ ಹಿಸ್ಟರಿ ಲಾಗ್ ಓದಿದೆ, ಇರಲಿಲ್ಲ. ಕೊನೆಗೆ ಡಿಪಿಕೆಜಿಯ ‘ಆಡಿಟ್’ ಎಂಬ ತಪಾಸಣೆ ಓಡಿಸಿದರೆ ಒಂದು ಸಾಲೂ ಬರಲಿಲ್ಲ. ಎಲ್ಲ ಸರಿಯಿದ್ದರೆ ಅದು ಏನನ್ನೂ ಹೇಳುವುದಿಲ್ಲ.

ಪಹಣಿಗಳು ಹೊರಬಂದವು. "ಹೋದದ್ದು ಬಂತಲ್ಲೋ ಯಪ್ಪಾ!" ಎಂದಳು ಅಕ್ಕ.

ಬ್ಯಾಕಪ್ ಇರುವುದೂ ಅದೇ ಡಿಸ್ಕಿನಲ್ಲಿ; ಡಿಸ್ಕೇ ಸತ್ತರೆ ಅದೂ ಹೋಗುತ್ತದೆ. ಅದಕ್ಕೆ ಈಗ ಆ ಫೋಲ್ಡರ್ ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಇಳಿಯುತ್ತದೆ. ಯುಪಿಎಸ್‌ಗೆ ಹೊಸ ಬ್ಯಾಟರಿಯನ್ನೂ ಹಾಕಿಸಿದ್ದೇವೆ.